ಹೊಸಹಳ್ಳಿಯಲ್ಲಿ ಚೇತರಿಸಿಕೊಂಡ ಹವಳ

ಎರಡು ದಿನಕ್ಕೊಮ್ಮೆ ನಲ್ಲಿಯಲ್ಲಿ ನೀರು ಬರುವ ಮೂಡಲಪಾಳ್ಯದಲ್ಲಿ ಮನೆ ಮಾಡಿಕೊಂಡು, ಸಮುದ್ರದೊಳಗೆ ಫೋಟೋ ತೆಗೆಯುವ ಹುಚ್ಚು ಹಿಡಿಸಿಕೊಂಡವನು ಯಾರಿಂದಲೂ ಅನುಕಂಪ ನಿರೀಕ್ಷಿಸಬಾರದು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳುವ ನಾನು ಈಜು ಕಲಿತದ್ದೇ ನಲವತ್ತೈದು ದಾಟಿದ ಮೇಲೆ. ರಜೆಯಲ್ಲಿ ಲಕ್ಷದ್ವೀಪಕ್ಕೆ ಹೊರಟಾಗಲೆಲ್ಲ ನನ್ನ ಹೆಂಡತಿ, ಮೊದಲು ನಮ್ಮ ಸಂಪ್‌ನೊಳಗೆ ಇಳಿದು ತೊಳೆಯಿರಿ, ಅಭ್ಯಾಸವಾಗುತ್ತದೆ ಎನ್ನುತ್ತಾಳೆ. ಲಕ್ಷದ್ವೀಪದಲ್ಲಿ ಒಂದೇ ಹವಳದ ದಿಬ್ಬವನ್ನು ಎರಡು ಸಲ ಕ್ಯಾಮೆರಾದಲ್ಲಿ ಹಿಡಿದಿದ್ದೆ. ಮೊದಲ ಸಲ ಅದು ಕಂದು, ಹಸಿರು, ನೇರಳೆ. ಕೊಂಬೆಗಳ ಸಂದಿಯಲ್ಲಿ ಬೆರಳುದ್ದದ ನೀಲಿ ಮೀನುಗಳ ಓಡಾಟ. ಕೆಲವು ವರ್ಷ ಬಿಟ್ಟು ಹೋದರೆ, ನೀರು ಬಿಸಿಯಾಗಿ ಹವಳವೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು. ಮೀನು ಒಂದೂ ಇಲ್ಲ. ಮುಖಕ್ಕೆ ಕಟ್ಟಿದ್ದ ಗಾಜಿನೊಳಗೇ ಅತ್ತುಬಿಟ್ಟೆ. ನೀರಿನೊಳಗೆ ಅಳುವುದು ಬಲು ಕಷ್ಟ, ಕಣ್ಣೊರೆಸಿಕೊಳ್ಳಲು ಆಗುವುದಿಲ್ಲ.

ಈ ಎರಡು ಫೋಟೋಗಳನ್ನೂ ಅಕ್ಕಪಕ್ಕ ತೂಗುಹಾಕಿ ವಿದ್ಯಾರ್ಥಿಗಳಿಗೆ ತೋರಿಸಲೇಬೇಕೆಂದು ಕಾಲೇಜಿನಲ್ಲಿ ಪ್ರದರ್ಶನ ಏರ್ಪಡಿಸಿದೆ. ದೊಡ್ಡದಾಗಿ ಪ್ರಿಂಟ್ ಹಾಕಲು ಹೊಸಹಳ್ಳಿಯ ಸ್ಟುಡಿಯೋ ಶಿವಣ್ಣನವರಿಗೆ ಕೊಟ್ಟೆ. ಬಹಳ ವರ್ಷಗಳಿಂದ ಮದುವೆ ಆಲ್ಬಂ ಮಾಡುತ್ತಿರುವ ಅವರ ಅಂಗಡಿಯಿಂದ ಮಂಕು ಮುಖವೊಂದು ಹೊರಗೆ ಹೋದ ದಾಖಲೆಯಿಲ್ಲ. ಪ್ರದರ್ಶನದ ಹಿಂದಿನ ಸಂಜೆ ಹೋಗಿ ನೋಡಿದರೆ ಎರಡು ಚಿತ್ರಗಳೂ ಥಳಥಳ. ಸತ್ತ ಹವಳಕ್ಕೆ ಬಣ್ಣ ಬಂದಿದೆ, ಮೀನುಗಳು ಸಂಸಾರ ಸಮೇತ ಮರಳಿವೆ.

"ಎರಡನೇದು ಪೂರ್ತಿ ಬೆಳ್ಳಗಾಗ್ಬಿಟ್ಟಿತ್ತು ಸಾರ್, ನಿಮ್ಮ ಫ್ಲ್ಯಾಶ್ ಜಾಸ್ತಿ ಆಗಿದೆ. ಮೀನು ಮೊದಲನೇದ್ರಿಂದ ತಂದು ಕೂರಿಸಿದೀನಿ. ಮದುವೆಗೇ ಬರದ ಸೋದರಮಾವನ್ನ ಗ್ರೂಪ್ ಫೋಟೋದಲ್ಲಿ ನಿಲ್ಲಿಸ್ತೀವಿ, ಮೀನು ಯಾವ ಲೆಕ್ಕ," ಎಂದರು ಶಿವಣ್ಣ.

ನನಗೆ ಮೈಯೆಲ್ಲ ಉರಿಯಿತು. ಹವಳ ಬೆಳ್ಳಗಾದದ್ದೇ ವಿಷಯ, ಮೀನು ಇಲ್ಲದಿರುವುದನ್ನು ತೋರಿಸಲೆಂದೇ ಆ ಫೋಟೋ ಎಂದು ಅರ್ಧ ಗಂಟೆ ಪಾಠ ಮಾಡಿದೆ. ಇದನ್ನು ತೂಗುಹಾಕಿದರೆ ಸಮುದ್ರ ಚೆನ್ನಾಗಿದೆ ಎಂದುಕೊಂಡು ಹುಡುಗರು ನೆಮ್ಮದಿಯಾಗಿ ಕ್ಯಾಂಟೀನಿಗೆ ಹೋಗುತ್ತಾರೆ ಎಂದೆ. ಅವರು ಮೂಲ ಚಿತ್ರವನ್ನು ಕಂಪ್ಯೂಟರಿನಲ್ಲಿ ತೆರೆದು ಬಹಳ ಹೊತ್ತು ನೋಡಿದರು.

"ಹಾಗಾದ್ರೆ ಆ ಮೀನೆಲ್ಲ ಎಲ್ಲಿಗ್ ಹೋದ್ವು ಸಾರ್?"

ಕೆಲವು ಸತ್ತಿರಬೇಕು, ಕೆಲವು ಬೇರೆ ದಿಬ್ಬ ಹುಡುಕಿಕೊಂಡು ಹೋಗಿರಬೇಕು ಎಂದೆ. ಶಿವಣ್ಣ ಎರಡನೆಯದನ್ನು ಇದ್ದ ಹಾಗೆಯೇ ಮತ್ತೆ ಪ್ರಿಂಟ್ ಹಾಕಿಕೊಟ್ಟರು.

ಹೊರಡುವಾಗ, ಸಭಾಂಗಣದ ಬಾಗಿಲಲ್ಲಿಡಲು ಕೊಟ್ಟಿದ್ದ ನನ್ನ ಭಾವಚಿತ್ರವನ್ನೂ ತಂದು ತೋರಿಸಿದರು. ನರೆತ ತಲೆ ಕಪ್ಪಗಾಗಿದೆ, ಕಣ್ಣಿನ ಕೆಳಗಿನ ಚೀಲಗಳು ಮಾಯ, ಎಂದೋ ಉದುರಿದ ಮುಂದಲೆಯ ಕೂದಲೂ ವಾಪಸು ಬಂದಿದೆ. ಇದನ್ನೂ ಇದ್ದ ಹಾಗೇ ಹಾಕಿಕೊಡಲೇ ಎಂದು ನೊಂದ ದನಿಯಲ್ಲಿ ಕೇಳಿದರು. ಪಾಪ, ಅಂಗಡಿ ಮುಚ್ಚುವ ಹೊತ್ತು. ಅವರಿಗೆ ಮತ್ತೆ ತೊಂದರೆ ಕೊಡಲು ನನಗೆ ಮನಸ್ಸಾಗಲಿಲ್ಲ. ಮಾರನೆಯ ಬೆಳಗ್ಗೆ ಆ ಕಪ್ಪು ತಲೆಯವನ ಪಕ್ಕದಲ್ಲೇ ನಿಂತು, ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ ಒಪ್ಪಿಕೊಳ್ಳುವುದನ್ನು ಕಲಿಯಿರಿ ಎಂದು ವಿದ್ಯಾರ್ಥಿಗಳಿಗೆ ಭಾಷಣ ಮಾಡಿದೆ.