ಬ್ಯಾಂಕಿನಲ್ಲಿ ಉಳಿದ ಹರಕೆ

ಸರಕಾರ ದುಡ್ಡು ಕೇಳಿದರೆ ನನಗೆ ಹೆದರಿಕೆಯಿಲ್ಲ. ಕೊಟ್ಟರಾಯಿತು, ಅಲ್ಲಿಗೆ ಮುಗಿಯಿತು. ಅದೇ ಸರಕಾರ ಕೊಡುತ್ತೇನೆಂದರೆ ಮಾತ್ರ ಕೈಕಾಲು ತಣ್ಣಗಾಗುತ್ತದೆ. ಹೆದರುವುದರಲ್ಲಿ ನನಗೆ ಮೂವತ್ತು ವರ್ಷಗಳ ಮೇಷ್ಟರಿಕೆಯ ಅನುಭವವಿದೆ; ಇನ್‌ಸ್ಪೆಕ್ಟರಿಗೆ ಹೆದರಿದ್ದೇನೆ, ಹಿಂದಿನ ಬೆಂಚಿನವರಿಗೂ ಹೆದರಿದ್ದೇನೆ. ಹಾಗಾಗಿ ಹೆಂಡತಿ ಶಶಿಕಲಾ ಮೊಬೈಲಿನಲ್ಲಿ, ವರ್ಷಗಟ್ಟಲೆ ಯಾರೂ ಕೇಳದೆ ಉಳಿದು ಸರಕಾರದ ನಿಧಿಗೆ ಹೋದ ಬ್ಯಾಂಕ್ ಠೇವಣಿಗಳ ಪಟ್ಟಿ ತೆಗೆದು, "ನೋಡಿ, ನಿಮ್ಮ ಹೆಸರುಂಟು! ಪಾಣೆಮಂಗಳೂರಿನ ಬ್ಯಾಂಕಂತೆ" ಎಂದಾಗ ನಾನು ಮೊದಲು ಎದ್ದು ಬಾಗಿಲು ಹಾಕಿದೆ.

"ಮುಟ್ಟಬೇಡ, ಅದು ಮೋಸದವರದ್ದಾಗಿರ್ತದೆ."

"ಸರಕಾರದ್ದು ಮಾರಾಯ್ರೆ!"

ಅದಕ್ಕೇ ಹೆದರಿದ್ದು ಎಂದು ಹೇಳಲಿಲ್ಲ. ಹೆಸರಿನ ಜೊತೆ ನಮ್ಮ ಹಳೆಯ ಮನೆಯ ವಿಳಾಸವೂ ಇತ್ತು. ಪುತ್ತಿಗೆಯಲ್ಲಿರುವ ಅಕ್ಕನಿಗೆ ಫೋನು ಮಾಡಿದೆ. ಅವಳು ವಿಳಾಸವನ್ನು ಎರಡು ಸಲ ಓದಿಸಿದಳು. ಆಮೇಲೆ, "ಅಯ್ಯೋ, ಅದು ಮುಡಿಪು ಮಾರಾಯ!" ಎಂದಳು.

ಏಳನೆಯ ವರ್ಷದಲ್ಲಿ ನನಗೆ ಜ್ವರ ಬಂದು ಎಲ್ಲರೂ ಆಸೆ ಬಿಟ್ಟಾಗ ಅಮ್ಮ ಮನೆಯ ದೈವಕ್ಕೆ ಹರಕೆ ಹೇಳಿಕೊಂಡಿದ್ದಳಂತೆ. ಹರಕೆಯ ದುಡ್ಡನ್ನು ಬಟ್ಟೆಯಲ್ಲಿ ಮುಡಿಪಾಗಿ ಗಂಟು ಕಟ್ಟಿಡುವುದು ಕ್ರಮ. "ಗಂಟು ಅಪ್ಪನ ಕೈಗೆ ಸಿಕ್ಕಿದ್ರೆ ಕಳ್ಳಿನ ಗಡಂಗಿಗೆ ಹೋಗ್ತದೆ ಅಂತ, ಬೀಡಿ ಕಟ್ಟಿದ ದುಡ್ಡನ್ನು ನಿನ್ನ ಹೆಸರಲ್ಲಿ ಬ್ಯಾಂಕಿಗೆ ಹಾಕಿದ್ಲು. ಮರುವರ್ಷ ಅವಳೇ ತೀರಿಹೋದ್ಲು. ನನಗೂ ಮರ್ತೇಹೋಯ್ತು. ಐವತ್ತು ವರ್ಷದ ಹರಕೆ ಬಾಕಿ ಉಂಟು ನಿನ್ನ ತಲೆ ಮೇಲೆ!"

ಅಮ್ಮನ ಮುಖ ನನಗೆ ಸರಿಯಾಗಿ ನೆನಪಿಲ್ಲ. ಬೀಡಿಗೆ ನೂಲು ಸುತ್ತುವ ಬೆರಳುಗಳು ನೆನಪಿವೆ. ಅಳು ಬಂತು, ಅದರ ಹಿಂದೆಯೇ ಹೆದರಿಕೆಯೂ ಬಂತು. ಅಂದಿನಿಂದ ಅನ್ನ ಸೇರಲಿಲ್ಲ. ಹಂಚಿನ ಮೇಲೆ ತೆಂಗಿನಕಾಯಿ ಬಿದ್ದರೂ ಕೈಮುಗಿದೆ. ಅಕ್ಕ ದಿನಕ್ಕೊಂದು ಹೊಸ ಸಂಗತಿ ಹುಡುಕಿ ಹೇಳತೊಡಗಿದಳು. ನನಗೆ ಹೆಡ್‌ಮಾಸ್ತರಿಕೆ ತಪ್ಪಿದ್ದು, ಸ್ಕೂಟರಿನಿಂದ ಎರಡು ಸಲ ಬಿದ್ದದ್ದು, ಮೂವತ್ತಕ್ಕೇ ಕೂದಲು ಹೋದದ್ದು, ಎಲ್ಲವೂ ಅದರಿಂದಲೇ. "ನನ್ನನ್ನು ಮದುವೆಯಾದದ್ದೂ ಅದರಿಂದಲೇ ಅಂತ ಹೇಳಿಬಿಡಿ" ಎಂದಳು ಶಶಿಕಲಾ. ನಾನು ಅಂಗಿ ಹಾಕಿಕೊಂಡು ಬ್ಯಾಂಕಿಗೆ ಹೊರಟೆ.

ಬ್ಯಾಂಕಿನಲ್ಲಿ ಬೆಳ್ತಂಗಡಿ ಕಡೆಯ ಅಧಿಕಾರಿಯೊಬ್ಬರು ಅರ್ಜಿ ನೋಡಿ, "ತುಂಬಾ ತಿಂಗಳು ಹಿಡೀತದೆ ಮಾಸ್ಟ್ರೇ. ಇಷ್ಟು ವರ್ಷ ಯಾಕೆ ಕೇಳ್ಲಿಲ್ಲ?" ಎಂದರು. ಸುಳ್ಳು ಹೇಳಲು ಧೈರ್ಯ ಸಾಲದೆ ಇದ್ದದ್ದನ್ನು ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ದೈವದ್ದಾ? ಮೊದಲೇ ಹೇಳ್ಬಾರ್ದಾ!"

ಎದ್ದು ನಿಂತು ಅರ್ಜಿಯನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ನಡೆದರು. ಅದನ್ನು ತಮ್ಮ ಮೇಜಿನ ಮೇಲೆ ಇಟ್ಟುಕೊಳ್ಳಲು ಅಲ್ಲಿ ಯಾರೂ ಒಪ್ಪಲಿಲ್ಲವಂತೆ. ತಿಂಗಳು ತುಂಬುವ ಮೊದಲೇ ದುಡ್ಡು ಬಂತು.

ಬಡ್ಡಿಸಹಿತ ಎಲ್ಲವನ್ನೂ ದೈವಕ್ಕೆ ಒಪ್ಪಿಸಿದೆವು. ಅಕ್ಕ ಕಣ್ಣೊರೆಸಿಕೊಂಡು, "ಇನ್ನು ನಿನಗೆ ಯಾವ ತೊಡಕೂ ಇಲ್ಲ, ನೋಡು, ಎಲ್ಲಾ ಒಳ್ಳೇದಾಗ್ತದೆ" ಎಂದಳು. ಶಶಿಕಲಾಳೂ ನನ್ನನ್ನೇ ನೋಡುತ್ತಿದ್ದಳು. ಕೈಮುಗಿದು ನಿಂತಿದ್ದ ನನಗೆ ಆಗ ಹೊಸ ಹೆದರಿಕೆ ಹುಟ್ಟಿತು. ನಿವೃತ್ತಿಗೆ ಇನ್ನೂ ಮೂರು ವರ್ಷ ಇದೆ. ಅಷ್ಟರಲ್ಲಿ ಏನೂ ಒಳ್ಳೆಯದಾಗದಿದ್ದರೆ, ಹರಕೆಯ ಮೇಲೆ ಹಾಕುವಂತಿಲ್ಲ; ತಪ್ಪು ಯಾರದ್ದೆಂದು ಇವರಿಬ್ಬರಿಗೂ ಗೊತ್ತಾಗಿಬಿಡುತ್ತದೆ.