ಪೀಚ್ ಬಟರ್ ಸೀಸೆಯನ್ನು ಗೋಡೆಯ ಕಡೆ ತಿರುಗಿಸಿಡುವ ಬಗ್ಗೆ

ಇಂದ,
ರೊವೀನಾ ಟ್ರೌಟ್,
ಪೀಚ್ ಪ್ಯಾಕಿಂಗ್ ಶೆಡ್ಡಿನ ಕೆಲಸಗಾರ್ತಿ, ಇಬ್ಬರು ಮಕ್ಕಳ ತಾಯಿ, ಓರ್ಫಾ ಟ್ರೌಟ್ ಅವರ ಕಿರಿಯ ಸೊಸೆ,
ಸ್ಟೋನಿ ಗ್ಯಾಪ್ ರಸ್ತೆ, ವೆಸ್ಟ್ ವರ್ಜೀನಿಯಾ.

ಗೆ,
ಮೇಲ್ವಿಚಾರಕಿಯವರು,
ಜಾಮ್, ಉಪ್ಪಿನಕಾಯಿ ಹಾಗೂ ಇತರೆ ಸೀಸೆ ಪದಾರ್ಥಗಳ ವಿಭಾಗ,
ಕೌಂಟಿ ಮೇಳ.

ವಿಷಯ: ಮೊದಲ ಬಹುಮಾನದ ನೀಲಿ ರಿಬ್ಬನ್ ಪಡೆದ ಪೀಚ್ ಬಟರ್ ಸೀಸೆಯನ್ನು ಅರ್ಧ ಸುತ್ತು ತಿರುಗಿಸಿಡಲು ಕೋರಿ.

ಉಲ್ಲೇಖ: ೧) ಮೇಳದ ನಿಯಮ: "ಮುಚ್ಚಳ ತೆರೆದ ಸೀಸೆಯ ಬಹುಮಾನ ರದ್ದಾಗುವುದು." ೨) ಅತ್ತೆಯವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೊರಡಿಸಿದ ಮೌಖಿಕ ಆದೇಶ.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ:

೧. ಅರ್ಜಿದಾರಳು ಬೇಸಿಗೆಯಿಡೀ ಬೇರೆಯವರ ಪೀಚ್ ಹಣ್ಣುಗಳನ್ನು ಡಬ್ಬಕ್ಕೆ ತುಂಬುವವಳು. ಪೆಟ್ಟು ಬಿದ್ದ ಹಣ್ಣುಗಳನ್ನು ಶೆಡ್ಡಿನವರು ಮನೆಗೆ ಒಯ್ಯಲು ಬಿಡುತ್ತಾರೆ. ಅವುಗಳಿಂದ ಆಕೆ ಪ್ರತಿ ವರ್ಷ ಪೀಚ್ ಬಟರ್ ಮಾಡುತ್ತಾಳೆ. ಹೆಸರಲ್ಲಿ ಬೆಣ್ಣೆ ಇದ್ದರೂ ಇದರಲ್ಲಿ ಬೆಣ್ಣೆ ಇರುವುದಿಲ್ಲ. ಹಣ್ಣು, ಸಕ್ಕರೆ, ಚಕ್ಕೆಪುಡಿ ಮತ್ತು ರಟ್ಟೆನೋವು ಇರುತ್ತದೆ.

೨. ಟ್ರೌಟ್ ಮನೆತನದಲ್ಲಿ ಇದನ್ನು ಅಂಗಳದ ಒಲೆಯ ಮೇಲೆ, ಅತ್ತೆಯವರ ತಾಮ್ರದ ಕೊಪ್ಪರಿಗೆಯಲ್ಲಿ, ಉದ್ದನೆಯ ಮರದ ಹುಟ್ಟಿನಿಂದ ಗೊಟಾಯಿಸುವುದು ರೂಢಿ. ತಳ ಹಿಡಿಯದಿರಲೆಂದು ಕೊಪ್ಪರಿಗೆಯೊಳಗೆ ಹೆಂಗಸಿನ ಮುಖದ ಅಚ್ಚಿರುವ ಒಂದು ಹಳೆಯ ಬೆಳ್ಳಿ ಡಾಲರ್ ನಾಣ್ಯವನ್ನು ಬಿಡುತ್ತಾರೆ. ಹುಟ್ಟು ಅದನ್ನು ತಳದಲ್ಲಿ ಉಜ್ಜುತ್ತ ಓಡಾಡಿಸುತ್ತದೆ. ಆ ಕರಕರ ಸದ್ದು ನಿಂತರೆ ಬಟರ್ ಸೀಯಿತೆಂದೇ ಅರ್ಥ. ಸದರಿ ಡಾಲರ್ ಅತ್ತೆಯವರ ಅಜ್ಜಿಯದು.

೩. ಈ ಬೇಸಿಗೆ ಅತ್ತೆಯವರಿಗೆ ಭುಜನೋವು. ಆದ ಕಾರಣ ಕೊಪ್ಪರಿಗೆ ಮತ್ತು ಡಾಲರನ್ನು ಅರ್ಜಿದಾರಳಿಗೆ ಎರವಲು ಕೊಟ್ಟು, ಈ ಕೆಳಗಿನಂತೆ ಆದೇಶಿಸಿದರು:

"ನೋಡು ರೊವೀನಾ, ಡಾಲರ್ ವಾಪಸ್ ಬಂತೋ, ಕೊಪ್ಪರಿಗೆ ಇನ್ಮೇಲೆ ನಿಮ್ಮನೇಲೇ ಇರ್ಲಿ. ಬರ್ಲಿಲ್ವೋ, ಶಾರ್ಲೀನ್‌ಗೆ ಕೊಟ್ಬಿಡ್ತೀನಿ."

ಶಾರ್ಲೀನ್ ಎಂದರೆ ಹಿರಿಯ ಸೊಸೆ. ಕೊಪ್ಪರಿಗೆ ಯಾರ ಅಂಗಳದಲ್ಲಿರುತ್ತದೋ ಅವರ ಅಂಗಳದಲ್ಲಿ ಬೇಸಿಗೆಗೊಮ್ಮೆ ಇಡೀ ಕುಟುಂಬ ಸೇರುತ್ತದೆ. ಅರ್ಜಿದಾರಳು ಮದುವೆಯಾಗಿ ಬಂದಂದಿನಿಂದ ಆ ಕೂಟಕ್ಕೆ ಕುರ್ಚಿ ಹೊತ್ತಿದ್ದಾಳೆಯೇ ಹೊರತು, ತನ್ನ ಅಂಗಳದಲ್ಲಿ ಒಮ್ಮೆಯೂ ಹಾಕಿಲ್ಲ.

೪. ಬಟರ್ ಇನ್ನೇನು ಹದಕ್ಕೆ ಬರುವಾಗ ಅರ್ಜಿದಾರಳ ಶೆಡ್ಡಿನ ಪಾಳಿಯ ಹೊತ್ತಾಯಿತು. ಆದ್ದರಿಂದ ಹುಟ್ಟನ್ನು ಪತಿ ಡೆನ್ವರ್ ಅವರ ಕೈಗಿತ್ತು, "ತಣ್ಣಗಿರೋ ತಟ್ಟೆ ಮೇಲೆ ಒಂದ್ ಚಮಚ ಹಾಕಿ ನೋಡು. ಸುತ್ತ ನೀರು ಬಿಡ್ಲಿಲ್ಲ ಅಂದ್ರೆ ಇಳ್ಸು. ಮೊದ್ಲು ಡಾಲರ್ ತೆಗಿ, ಆಮೇಲೆ ಸೀಸೆಗೆ ತುಂಬು" ಎಂದು ಸ್ಪಷ್ಟ ಸೂಚನೆ ನೀಡಲಾಯಿತು. ಡೆನ್ವರ್ ಅವರು ರೇಡಿಯೊದಲ್ಲಿ ಬೇಸ್‌ಬಾಲ್ ಕೇಳುತ್ತ "ಹ್ಞೂಂ" ಎಂದರು.

೫. ಮರುದಿನ ಬೆಳಿಗ್ಗೆ ಅರ್ಜಿದಾರಳು ಎಲ್ಲಕ್ಕಿಂತ ಚೆಂದದ ಸೀಸೆಯನ್ನು ಆರಿಸಿ ಮೇಳಕ್ಕೆ ಒಪ್ಪಿಸಿ ಬಂದು, ಕೊಪ್ಪರಿಗೆ ತೊಳೆಯಲು ಕುಳಿತಳು. ಆಗ ನಡೆದ ಸಂಭಾಷಣೆ:

"ಡಾಲರ್ ಎಲ್ಲಿಟ್ಟೆ?"

"ಯಾವ ಡಾಲರು?"

"ತಳದಲ್ಲಿತ್ತಲ್ಲ, ನಿಮ್ಮಮ್ಮಂದು!"

"ಓ... ಸೌಟಿಗೆ ಗಟ್ಟಿಗೇನೋ ಸಿಕ್ತು ಕಣೇ. ಗೊರಟೆ ಅಂದ್ಕೊಂಡೆ."

"ಗೊರಟೆ ಆದ್ರೂ ತೆಗೀಬೇಕಲ್ವಾ ಮಾರಾಯ?"

"ಕೊನೇ ಇನ್ನಿಂಗ್ಸ್ ನಡೀತಿತ್ತು ರೊವೀನಾ!"

೬. ಕೂಡಲೇ ಮನೆಯಲ್ಲಿದ್ದ ಸೀಸೆಗಳನ್ನೆಲ್ಲ ತೆರೆದು ಚಮಚದಿಂದ ಶೋಧಿಸಲಾಯಿತು. ಏನೂ ಸಿಗಲಿಲ್ಲ. ತೆರೆದದ್ದು ಕೆಡುತ್ತದಾದ ಕಾರಣ ಕುಟುಂಬವು ಅಂದಿನಿಂದ ಮೂರು ಹೊತ್ತೂ ಪೀಚ್ ಬಟರನ್ನೇ ತಿನ್ನುತ್ತಿದೆ. ಮಕ್ಕಳು ಮೊದಲು ಕುಣಿದರು, ಈಗ ಅಳುತ್ತಾರೆ. ನಾಯಿಯು ಚಮಚದ ಸದ್ದು ಕೇಳಿದರೆ ಟ್ರಕ್ಕಿನ ಕೆಳಗೆ ಹೋಗಿ ಮಲಗುತ್ತದೆ.

೭. ಸೋಮವಾರ ತೀರ್ಪು, ಮುಚ್ಚಳ ತೆರೆಯದೆ ಬಣ್ಣ, ಹದ ನೋಡಿ. ಹೆಸರು ಕಾಣಬಾರದೆಂದು ತಮ್ಮ ಸಿಬ್ಬಂದಿ ಸೀಸೆಯ ಚೀಟಿಯ ಮೇಲೆ ಕಾಗದದ ಪಟ್ಟಿ ಅಂಟಿಸಿದ್ದರು. ಅರ್ಜಿದಾರಳಿಗೆ ಮೊದಲ ಬಾರಿಗೆ ನೀಲಿ ರಿಬ್ಬನ್ ಬಂತು. ಆಮೇಲೆ ಪಟ್ಟಿಯನ್ನು ಕಿತ್ತಾಗ ಅದರ ಜೊತೆ ಚೀಟಿಯೂ ಕಿತ್ತು ಬಂತು. ಚೀಟಿಯ ಹಿಂದೆ, ಗಾಜಿಗೆ ಒತ್ತಿಕೊಂಡು, ಅತ್ತೆಯವರ ಡಾಲರ್ ಪೂರ್ಣಚಂದ್ರನಂತೆ ಶೋಭಿಸುತ್ತಿತ್ತು.

ಚೀಟಿ ಅಂಟಿಸುವ ಕೆಲಸ ಮಗಳು ಜೂನಿಯದು. ವಿಚಾರಿಸಲಾಗಿ, "ನಂಗೊತ್ತಿತ್ತಮ್ಮ. ಗಲೀಜಾಗಿ ಕಾಣ್ತಿತ್ತು, ಅದಕ್ಕೇ ಅದರ ಮೇಲೇ ಅಂಟಿಸ್ದೆ" ಎಂದು ಹೇಳಿಕೆ ನೀಡಿರುತ್ತಾಳೆ.

೮. ಸೀಸೆ ತೆರೆದರೆ ರಿಬ್ಬನ್ ಹೋಗುತ್ತದೆ, ತೆರೆಯದಿದ್ದರೆ ಕೊಪ್ಪರಿಗೆ ಹೋಗುತ್ತದೆ. ಮೇಳ ಮುಗಿದು ಸೀಸೆ ಕೈಸೇರುವುದು ಶನಿವಾರ. ಅತ್ತೆಯವರು ಮೇಳ ನೋಡಲು ಬರುವುದು ಗುರುವಾರ. ಅಂದು ಹಿರಿಯರ ದಿನ, ವಯಸ್ಸಾದವರಿಗೆ ಪ್ರವೇಶ ಉಚಿತ. ತೊಳೆದ ಕೊಪ್ಪರಿಗೆಯನ್ನು ಅತ್ತೆಯವರು ಡಾಲರ್ ಬರುವವರೆಗೆ ತಮ್ಮ ಮನೆಗೇ ತರಿಸಿಕೊಂಡಿದ್ದಾರೆ. "ಡಾಲರ್ ಎಲ್ಲೇ?" ಎಂದು ಅವರು ಫೋನಿನಲ್ಲಿ ಕೇಳಿದಾಗ, "ಮೆತ್ತಗಿರೋ ಜಾಗದಲ್ಲಿ ಭದ್ರವಾಗಿದೆ ಅತ್ತೆ" ಎಂದು ಅರ್ಜಿದಾರಳು ಉತ್ತರಿಸಿದ್ದಾಳೆ. ಇದರಲ್ಲಿ ಸುಳ್ಳಿನ ಅಂಶವಿಲ್ಲವೆಂಬುದನ್ನು ಗಮನಿಸಬೇಕು.

೯. ಸೀಸೆಯಲ್ಲಿ ಎಲೆ, ಕೂದಲು, ಹುಳ ಇರಬಾರದೆಂದು ನಿಯಮದಲ್ಲಿದೆ. ಡಾಲರ್ ಬಗ್ಗೆ ನಿಯಮವು ಮೌನವಾಗಿದೆ.

ಆದ್ದರಿಂದ, ಈ ಎಲ್ಲ ಕಾರಣಗಳಿಂದ, ಸದರಿ ಸೀಸೆಯನ್ನು ತೆರೆಯದೆ, ಅಲುಗಿಸದೆ, ಗುರುವಾರ ಬೆಳಗಾಗುವುದರೊಳಗೆ ಡಾಲರ್ ಗೋಡೆಯನ್ನು ನೋಡುವಂತೆ ತಿರುಗಿಸಿಡಬೇಕೆಂದು ಪ್ರಾರ್ಥನೆ.

ತಮ್ಮ ವಿಶ್ವಾಸ ಇನ್ನೂ ಪೂರ್ತಿ ಹೋಗಿಲ್ಲವೆಂದು ನಂಬಿರುವ,
ರೊವೀನಾ ಟ್ರೌಟ್

ಲಗತ್ತುಗಳು:
ಅ) ಕಿತ್ತುಬಂದ ಚೀಟಿ.
ಆ) ಪೀಚ್ ಬಟರ್, ಒಂದು ಸೀಸೆ (ಡಾಲರ್ ರಹಿತ, ಶೋಧಿಸಿದ್ದರಿಂದ ಮುಕ್ಕಾಲು ಭಾಗ ಮಾತ್ರ). ಇದನ್ನು ಲಂಚವೆಂದು ಭಾವಿಸಬಾರದು. ಬಿಸಿ ಬ್ರೆಡ್ಡಿನೊಂದಿಗೆ ಸೇವಿಸಬಹುದು.

ಷರಾ: ಈ ಅರ್ಜಿಯನ್ನು ಸಲ್ಲಿಸುವ ಮೊದಲೇ ಅತ್ತೆಯವರ ಟ್ರಕ್ ಅಂಗಳಕ್ಕೆ ಬಂದು ಹಾರ್ನ್ ಹೊಡೆಯಿತು. ಹಿರಿಯರ ದಿನವನ್ನು ತಾವು ಈ ವರ್ಷ ಬುಧವಾರಕ್ಕೆ ಬದಲಾಯಿಸಿದ್ದು ಅರ್ಜಿದಾರಳಿಗೆ ತಿಳಿದಿರಲಿಲ್ಲ. ಅತ್ತೆಯವರು ಕೆಳಗಿಳಿಯದೆ ಕಿಟಕಿಯಿಂದಲೇ ಹೇಳಿದ್ದು:

"ನಿನ್ನ ಮೆತ್ತನೆ ಜಾಗ ನೋಡ್ಕೊಂಡ್ ಬಂದೆ. ರಿಬ್ಬನ್ ಬೇರೆ ಕಟ್ಟಿದಾರೆ!"

"ಅತ್ತೆ, ಅದು ಡೆನ್ವರ್..."

"ಗೊತ್ತು, ಅವನನ್ನ ಹೆತ್ತೋಳು ನಾನೇ. ಅಲ್ವೇ, ಇಷ್ಟು ವರ್ಷ ರಿಬ್ಬನ್ ತಗೊಂಡೆ, ನನ್ನ ಸೀಸೆ ಮುಂದೆ ಒಬ್ರಾದ್ರೂ ನಿಂತಿದ್ರಾ? ಇವತ್ತು ಗುಂಪೇ ನಿಂತಿತ್ತು. ಅದು ನಮ್ಮಜ್ಜಿ ಡಾಲರು, ಅವಳು ನಮ್ಮ ಸೊಸೆ ಅಂತ ಹೇಳೀ ಹೇಳೀ ಗಂಟಲು ಒಣಗೋಯ್ತು. ಕೊಪ್ಪರಿಗೆ ಹಿಂದ್ಗಡೆ ಇದೆ, ಇಳಿಸ್ಕೊ."

ಅರ್ಜಿದಾರಳು ಇಳಿಸಿಕೊಂಡಳು. ಅದು ಭಾರವಾಗಿತ್ತು, ಕಣ್ಣಲ್ಲಿ ನೀರು ಬಂದದ್ದು ಆ ಕಾರಣಕ್ಕೇ.

"ಒಂದೇ ಒಂದು," ಎಂದರು ಅತ್ತೆಯವರು ಟ್ರಕ್ ಹಿಂದಕ್ಕೆ ತಿರುಗಿಸುತ್ತ. "ಡಾಲರ್ ಮೇಲಿರೋ ಆ ಹೆಂಗಸು ಪಕ್ಕದಲ್ಲಿಟ್ಟಿರೋ ಶಾರ್ಲೀನಳ ಉಪ್ಪಿನಕಾಯಿನೇ ನೋಡ್ತಿದಾಳೆ. ನಂಗದು ಸರಿ ಕಾಣ್ಲಿಲ್ಲ."

ಆದ್ದರಿಂದ ಮೇಲಿನ ಕೋರಿಕೆಯನ್ನು ಹಿಂಪಡೆಯಲಾಗಿದೆ. ಪೀಚ್ ಬಟರ್ ಸೀಸೆಯನ್ನು ಇದ್ದಂತೆಯೇ ಇಟ್ಟು, ಬದಲಿಗೆ ಶಾರ್ಲೀನ್ ಟ್ರೌಟ್ ಅವರ ಸೌತೆಕಾಯಿ ಉಪ್ಪಿನಕಾಯಿ ಸೀಸೆಯನ್ನು ಗೋಡೆಯ ಕಡೆ ತಿರುಗಿಸಿಡಬೇಕಾಗಿ ವಿನಂತಿ.