ಸಂಪಾದಕರು ತಿದ್ದಿದ ಬೊಂಬೆ

ಗ್ವಾಯಕಿಲ್ ಊರಿನಲ್ಲಿ ಡಿಸೆಂಬರ್ ಮೂವತ್ತೊಂದಕ್ಕೆ ಹಳೆವರ್ಷವನ್ನು ಸುಡದೆ ಯಾರೂ ಮಲಗುವುದಿಲ್ಲ. ಕಾಗದದ ಒಂದು ಬೊಂಬೆಗೆ ಆ ವರ್ಷ ಜನರ ಬಾಯಲ್ಲಿದ್ದವರ ಮುಖ ಬರೆದು, ಪಟಾಕಿ ತುಂಬಿ, ಬೆಂಕಿ ಇಡುತ್ತಾರೆ. ‘ಎಲ್ ಮಾಂಗ್ಲಾರ್’ ವಾರಪತ್ರಿಕೆಯ ಅಂಗಳದಲ್ಲಿ ಆ ಮಧ್ಯಾಹ್ನ ಕುರ್ಚಿ ಏರಿ ಕೂತಿದ್ದ ಬೊಂಬೆಗೆ ಬೋಳುತಲೆ, ಪೊದೆಮೀಸೆ, ಕಿವಿಯ ಸಂದಿಯಲ್ಲಿ ಕೆಂಪು ಪೆನ್ಸಿಲು.

ಸಂಪಾದಕ ವಿಲ್ಫ್ರಿದೋ ಕಾನ್ಯಾರ್ತೆ ತಮ್ಮ ಬೋಳುತಲೆ ಮುಟ್ಟಿಕೊಂಡರು. ಕಿವಿಯಲ್ಲಿದ್ದ ಪೆನ್ಸಿಲನ್ನೂ ಮುಟ್ಟಿಕೊಂಡರು.

ಬೇರೆ ವರ್ಷವಾಗಿದ್ದರೆ ನಕ್ಕುಬಿಡುತ್ತಿದ್ದರೇನೋ. ಆದರೆ ಮಾಲಕಿ ದೊನ್ಯಾ ಲಿಯೊನೋರ್ ಇವತ್ತೇ ಬಂದು ಇಡೀ ಸಂಸ್ಥೆಗೆ ನಿರ್ದೇಶಕರನ್ನು ಹೆಸರಿಸುವವರಿದ್ದರು. ಆ ಕುರ್ಚಿಗಾಗಿ ವಿಲ್ಫ್ರಿದೋ ಇಪ್ಪತ್ತು ವರ್ಷ ಕಾದಿದ್ದರು. ಸ್ವಂತ ಸಿಬ್ಬಂದಿಯೇ ಸುಡುವ ಮನುಷ್ಯನಿಗೆ ಯಾರು ಪಟ್ಟ ಕಟ್ಟುತ್ತಾರೆ?

ಸಿಬ್ಬಂದಿಯೆಲ್ಲ ಮೀನುಸಾರು ಕುಡಿಯಲು ಹೋಗಿತ್ತು. ಇದ್ದವನು ಕಾವಲುಗಾರ ಸೆಗುಂದೋ ಒಬ್ಬನೇ. ಅವನು ಕರಿ ಲಂಗ, ಉದ್ದ ಕೂದಲಿನ ವಿಗ್ ತೊಟ್ಟು, ಊರ ವಾಡಿಕೆಯಂತೆ, ಸುಡಲಿರುವ ಹಳೆವರ್ಷದ ವಿಧವೆಯಾಗಿ ಬೀದಿಯಲ್ಲಿ ಅತ್ತು ಚಿಲ್ಲರೆ ಕೇಳಲು ತಯಾರಾಗುತ್ತಿದ್ದ.

“ವಿಗ್ ಕೊಡು ಇಲ್ಲಿ.”

“ಸಾರ್, ಅದು ನಮ್ಮತ್ತೇದು.”

“ಕೊಡಯ್ಯಾ.”

ಯಾವ ಬರಹ ಕಂಡರೂ ತಿದ್ದದೆ ಬಿಡದ ಕೈ ಅದು. ಬೊಂಬೆಯ ಮೀಸೆ ಕೆರೆದರು, ಪೆನ್ಸಿಲು ಕಿತ್ತರು, ಬೋಳಿಗೆ ಗೋಂದು ಬಳಿದು ವಿಗ್ ಒತ್ತಿದರು.

ಸೆಗುಂದೋ ತಲೆ ಓರೆ ಮಾಡಿ ನೋಡಿದ. “ಕೆಟ್ಟಿತು ಸಾರ್. ಇದು ನಮ್ ಮಾಲಕಿ ಅಮ್ಮಾವ್ರೇ.”

ನಿಜ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗಿತ್ತು. ಅಷ್ಟರಲ್ಲಿ ಗೇಟಿನಲ್ಲಿ ಕಾರಿನ ಹಾರ್ನ್ ಕೇಳಿಸಿತು. ವಿಗ್ ಎಳೆದರೆ ತಲೆಯೇ ಬರುವಂತಿತ್ತು. ವಿಲ್ಫ್ರಿದೋ ಕತ್ತರಿ ತಂದು ಕೂದಲನ್ನು ಮೋಟು ಮಾಡಿದರು. ಉಪಸಂಪಾದಕ ಎಲಿಯೆಸೆರ್ ಊಟಕ್ಕೆ ಹೋಗುವಾಗ ಮೇಜಿನ ಮೇಲೆ ಮರೆತಿದ್ದ ಸೋಡಾಗ್ಲಾಸ್ ಕನ್ನಡಕವನ್ನು ಬೊಂಬೆಯ ಮೂಗಿಗೆ ಏರಿಸಿದರು.

“ಈಗ ಥೇಟ್ ಎಲಿಯೆಸೆರ್ ಸಾರ್,” ಎಂದ ಸೆಗುಂದೋ. “ಪಾಪ, ಮಕ್ಕಳೊಂದಿಗರು.”

ವಿಲ್ಫ್ರಿದೋಗೂ ಪಾಪ ಅನ್ನಿಸಿತು. ಆದರೆ ದೊನ್ಯಾ ಲಿಯೊನೋರ್ ಬೀಸಣಿಗೆ ಆಡಿಸುತ್ತ ಒಳಗೆ ಬಂದೇಬಿಟ್ಟಿದ್ದರು. ಹಿಂದೆಯೇ ಊಟ ಮುಗಿಸಿದ ಸಿಬ್ಬಂದಿ, ಎಲ್ಲರ ಹಿಂದೆ ಕನ್ನಡಕವಿಲ್ಲದೆ ಗೋಡೆ ತಡವುತ್ತ ಎಲಿಯೆಸೆರ್. ಬೊಂಬೆ ನೋಡಿ ಸಿಬ್ಬಂದಿ ಮುಖ ಮುಖ ನೋಡಿಕೊಂಡಿತು.

ಮಾಲಕಿ ಬೊಂಬೆಯ ಸುತ್ತ ಒಂದು ಸುತ್ತು ಬಂದರು.

“ನಮ್ ಯಜಮಾನ್ರು ಹೇಳೋರು, ಕೆಲಸದೋರು ಯಾರನ್ನ ಸುಡ್ತಾರೋ ಅವನೇ ನಿಜವಾದ ಯಜಮಾನ ಅಂತ. ಅವರನ್ನ ವರ್ಷಾ ವರ್ಷಾ ಸುಡ್ತಿದ್ರು. ಎಷ್ಟು ಹೆಮ್ಮೆ ಅವರಿಗೆ! ಎಲಿಯೆಸೆರ್, ನಾಳೆಯಿಂದ ನೀವೇ ನಿರ್ದೇಶಕರು.” ಆಮೇಲೆ ಕನಿಕರದಿಂದ ಇತ್ತ ತಿರುಗಿದರು. “ವಿಲ್ಫ್ರಿದೋ, ಇಷ್ಟು ವರ್ಷ ಇದ್ದೀರಿ. ನಿಮ್ಮ ಮುಖ ಇವರ್ಯಾರಿಗೂ ನೆನಪಾಗ್ಲಿಲ್ವಲ್ಲ?”

ಅವರು ಹೋದ ಮೇಲೆ ಎಲಿಯೆಸೆರ್ ತಡವುತ್ತ ಬಂದು ವಿಲ್ಫ್ರಿದೋ ತೋಳು ಹಿಡಿದ.

“ಸಾರ್, ನಂಗೇನೂ ಕಾಣ್ತಿಲ್ಲ. ಅಮ್ಮಾವ್ರು ಯಾಕೆ ನನ್ನ ಹೆಸರು ಹೇಳಿದ್ರು? ಸುಡಿಸಿಕೊಳ್ಳೋನೇ ಯಜಮಾನ ಅನ್ನೋ ಮಾತು ಅವರು ಹೋದ ವಾರವೇ ನನ್ನ ಹತ್ರ ಅಂದಿದ್ರು. ಅದಕ್ಕೇ ನಾವೆಲ್ಲ ಸೇರಿ ನಿಮ್ಮ ಬೊಂಬೆನೇ ಮಾಡಿಸಿದ್ವಿ. ಪೆನ್ಸಿಲು ಸಮೇತ.”

ವಿಲ್ಫ್ರಿದೋ ಬೊಂಬೆಯ ಮೂಗಿನಿಂದ ಕನ್ನಡಕ ತೆಗೆದು ಅವನ ಕೈಗಿಟ್ಟರು.

“ಸಾರ್,” ಎಂದ ಸೆಗುಂದೋ, “ವಿಗ್ಗೂ ಹೋಯ್ತು. ಈಗ ನಾನು ಬೀದೀಲಿ ಅಳೋದು ಹೆಂಗೆ?”

“ಆ ಲಂಗ ಬಿಚ್ಚಿ ಕೊಡು ಸೆಗುಂದೋ,” ಎಂದರು ಸಂಪಾದಕರು. “ಈ ವರ್ಷ ನಾನೇ ಅಳ್ತೀನಿ.”